ಬೀಳಗಿ ಭಾಗದಲ್ಲಿ ಹೊಸದಾಗಿ ಗಸ್ತು ಅರಣ್ಯ ಪಾಲಕಿಯಾಗಿ ಸೇರಿದ್ದೇನೆ: ಗಡಿ, ಕುರಿ ಹಾಗೂ ನೆಡುತೋಪಿನ ಲೆಕ್ಕದ ಬಗ್ಗೆ ಮಾರ್ಗದರ್ಶನ ಬೇಕು

ಪ್ರಶ್ನೆ: ಎರೆನೆಲ

ಹಿರಿಯರಿಗೂ ಸಹೋದ್ಯೋಗಿಗಳಿಗೂ ನಮಸ್ಕಾರ.

ನಾನು ವಿಜಯಪುರ ಜಿಲ್ಲೆಯ ರೈತ ಕುಟುಂಬದವಳು. ಹೊಲದ ಒಡ್ಡಿನ ಮೇಲಿನ ಬೇವು, ಹಳ್ಳದ ದಂಡೆಯ ಜಾಲಿ, ಗುಡಿಯ ಮುಂದಿನ ಅರಳಿ ಇವನ್ನು ಬಿಟ್ಟರೆ ಅಡವಿಯನ್ನು ನೋಡದೆಯೇ ಬೆಳೆದವಳು. ಗಸ್ತು ಅರಣ್ಯ ಪಾಲಕ ಹುದ್ದೆಗೆ ಆಯ್ಕೆಯಾಗಿ, ತರಬೇತಿ ಮುಗಿಸಿಕೊಂಡು, ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಒಂದು ಗಸ್ತಿನಲ್ಲಿ (ಒಬ್ಬ ಪಾಲಕರ ಕಾವಲಿಗೆ ವಹಿಸಿದ ಅರಣ್ಯ ಪ್ರದೇಶ) ಕೆಲಸಕ್ಕೆ ಸೇರಿ ಈಗ ಮೂರು ತಿಂಗಳಾಯಿತು. ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇಲ್ಲಿಂದ ದೂರವಿಲ್ಲವಾದರೂ ನನ್ನ ಗಸ್ತು ಅದರ ಹೊರಗಿದೆ. ಕಲ್ಲು ತುಂಬಿದ ಮಡ್ಡಿ, ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ತುಗ್ಗಲಿ ಮತ್ತು ಕಾರೆಯ ಕಂಟಿ, ನಡುನಡುವೆ ಇಲಾಖೆಯ ನೆಡುತೋಪುಗಳು, ಇಷ್ಟೇ ಇಲ್ಲಿರುವುದು. "ಇದರಾಗ ಅಡವಿ ಎಲ್ಲೈತಿ, ನೀ ಏನ್ ಕಾಯ್ತೀ ತಂಗಿ?" ಎಂದು ದಾರಿಯಲ್ಲಿ ಸಿಕ್ಕವರು ಕೇಳುತ್ತಾರೆ. ಅವರಿಗೆ ಸರಿಯಾದ ಉತ್ತರ ಕೊಡಲು ನನಗೆ ಇನ್ನೂ ಆಗಿಲ್ಲ.

ನನ್ನನ್ನು ಕಾಡುತ್ತಿರುವ ಮೊದಲ ವಿಷಯ ಗಡಿಯದು. ಗಸ್ತಿನ ದಕ್ಷಿಣದ ಅಂಚಿನಲ್ಲಿ, ಪಹಣಿಯಲ್ಲಿ ಅರಣ್ಯ ಇಲಾಖೆಯ ಹೆಸರಿರುವ ಜಾಗದಲ್ಲಿ, ಸುಮಾರು ಎರಡು ಎಕರೆಯಷ್ಟು ತೊಗರಿ ನಿಂತಿದೆ. ಅಲ್ಲಿ ಇರಬೇಕಾಗಿದ್ದ ಗಡಿಯ ಕಲ್ಲುಗುಪ್ಪೆಯನ್ನು ಹುಡುಕುತ್ತ ಹೋದಾಗ ಗುಪ್ಪೆ ಸಿಗಲಿಲ್ಲ. ಹೊಲದ ಒಡ್ಡಿನಲ್ಲಿ ಮಾತ್ರ ಮೂರು ಕಲ್ಲುಗಳು ಉಳಿದವುಗಳಿಗಿಂತ ಬೇರೆಯಾಗಿ ಕಂಡವು. ಒಂದನ್ನು ತಿರುಗಿಸಿ ನೋಡಿದರೆ ಕೆಳಮೈಯಲ್ಲಿ ಹಳೆಯ ಸುಣ್ಣದ ಬಳಿತ ಹಾಗೆಯೇ ಇತ್ತು. ಹೊಲದ ಅಜ್ಜನನ್ನು ಕೇಳಿದಾಗ, "ನಮ್ಮ ಮುತ್ಯಾನ ಕಾಲದಿಂದ ಬಿತ್ತಾಕತ್ತೀವಿ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ನಾನು ಏನನ್ನೂ ಹೇಳದೆ ಬಂದೆ.

ಇನ್ನೊಂದು ಕುರಿಗಳ ವಿಷಯ. ನಾನು ಸೇರಿದ ಎರಡನೆಯ ವಾರದಲ್ಲಿಯೇ, ಎರಡು ಮಳೆಗಾಲ ಕಂಡ ನೆಡುತೋಪಿನೊಳಗೆ ಸುಮಾರು 300 ಕುರಿಗಳ ಹಿಂಡು ನುಗ್ಗಿತ್ತು. ನಾನು ತಲುಪುವ ಹೊತ್ತಿಗೆ ಹೊಂಗೆಯ ಸಸಿಗಳು ಹಾಗೆಯೇ ನಿಂತಿದ್ದವು, ಕಮರದ ಸಸಿಗಳ ತುದಿ ಮಾತ್ರ ಒಂದೂ ಉಳಿದಿರಲಿಲ್ಲ. ಇದರ ಜೊತೆಗೆ, ಗಸ್ತನ್ನು ವಹಿಸಿಕೊಳ್ಳುವಾಗ ಸಹಿ ಮಾಡಲು ನನಗೆ ಕೊಟ್ಟಿರುವ ಪ್ರಭಾರ ಪಟ್ಟಿಯಲ್ಲಿ ಒಂದು ನೆಡುತೋಪಿನ ಬದುಕಿರುವ ಸಸಿಗಳೆಂದು ಬರೆದ ಸಂಖ್ಯೆ ನೆಲದ ಮೇಲೆ ನನಗೆ ಸಿಗುತ್ತಿಲ್ಲ. ಪಟ್ಟಿಗೆ ಇನ್ನೂ ಸಹಿ ಮಾಡಿಲ್ಲ. ನನ್ನ ಅಧಿಕಾರ ಎಲ್ಲಿಯವರೆಗೆ, ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಮೋಜಣಿದಾರ

ತಂಗಿ, ಬಾಗಲಕೋಟೆ ಮತ್ತು ಗೋಕಾಕ ಭಾಗಗಳಲ್ಲಿ ಅರಣ್ಯ ರಕ್ಷಕನಾಗಿ ಸೇರಿ ಉಪ ವಲಯ ಅರಣ್ಯಾಧಿಕಾರಿಯಾಗಿ ನಿವೃತ್ತನಾದವನು ನಾನು. ಆ ಕಲ್ಲನ್ನು ನೀವು ತಿರುಗಿಸಿ ನೋಡಿದಿರಲ್ಲ, ಅದನ್ನು ಓದಿ ಮನಸ್ಸಿಗೆ ಸಮಾಧಾನವಾಯಿತು. ಬಯಲುಸೀಮೆಯ ಗಸ್ತಿನಲ್ಲಿ ಅರ್ಧ ನೌಕರಿ ಅದೇ ಆಗಿದೆ.

ದಾರಿಯಲ್ಲಿ ಕೇಳುವವರಿಗೆ ಕೊಡಬೇಕಾದ ಉತ್ತರದಿಂದಲೇ ಆರಂಭಿಸುತ್ತೇನೆ. ಮರ ಇದ್ದರೆ ಮಾತ್ರ ಅಡವಿ ಎಂಬುದು ನಮ್ಮ ಕಡೆಯ ಜನರಲ್ಲಿ ಬೇರೂರಿದ ಭಾವನೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಪ್ರಕಾರ, ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ಜಾಗವೆಲ್ಲವೂ, ಅದರ ಒಡೆತನ ಯಾರದೇ ಇರಲಿ, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಮಟ್ಟಿಗೆ ಅರಣ್ಯವೇ ಆಗುತ್ತದೆ. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ ಮಡ್ಡಿಯ ಹುಲ್ಲುಗಾವಲನ್ನು ಖಾಲಿ ಜಾಗವೆಂದು ಕರೆಯಲು ಬರುವುದಿಲ್ಲ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಇಂಥದೇ ಕುರುಚಲು ನೆಲವನ್ನು, 96 ಚದರ ಕಿಲೋಮೀಟರಿಗೂ ಮಿಕ್ಕಿದ್ದನ್ನು, 2016ರಲ್ಲಿ ಚಿಂಕಾರಗಳಿಗಾಗಿ ವನ್ಯಜೀವಿಧಾಮವೆಂದು ಘೋಷಿಸಿದರು. ಚಿಂಕಾರ, ಚಿಗರಿ (ಕೃಷ್ಣಮೃಗ), ತೋಳ ಇವು ದಟ್ಟ ಕಾಡಿನಲ್ಲಿ ಬಾಳುವ ಪ್ರಾಣಿಗಳಲ್ಲ; ದೂರದವರೆಗೆ ಕಣ್ಣು ಹಾಯುವ ಬಯಲೇ ಅವುಗಳ ಮನೆ.

ಇನ್ನು ಗಡಿಯ ವಿಷಯ. ಪಹಣಿಯೊಂದನ್ನೇ ನಂಬಿ ಯಾರ ಜೊತೆಗೂ ವಾದಕ್ಕೆ ಇಳಿಯಬೇಡಿ. ನಿಮ್ಮ ವಲಯ ಕಚೇರಿಯಲ್ಲಿ ಆ ಮೀಸಲು ಅರಣ್ಯದ ಅಧಿಸೂಚನೆಯ ಪ್ರತಿಯನ್ನು ಮೊದಲು ಕೇಳಿ ಪಡೆಯಿರಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರೂ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಇಲ್ಲಿಯ ಎಷ್ಟೋ ಅಧಿಸೂಚನೆಗಳು 1963ರ ಕರ್ನಾಟಕ ಅರಣ್ಯ ಕಾಯ್ದೆಗಿಂತ ಹಿಂದಿನವು. ಆಮೇಲಿನವಾದರೆ ಕಲಂ 4ರ ಪ್ರಾಥಮಿಕ ಅಧಿಸೂಚನೆಯೋ ಕಲಂ 17ರ ಅಂತಿಮ ಅಧಿಸೂಚನೆಯೋ ಎಂಬುದನ್ನು ನೋಡಿಕೊಳ್ಳಬೇಕು, ಏಕೆಂದರೆ ಕಲಂ 4ರ ಹಂತದಲ್ಲಿ ಜನರ ಹಕ್ಕುಗಳ ವಿಚಾರಣೆ ಇನ್ನೂ ಮುಗಿದಿರುವುದಿಲ್ಲ. ಅಧಿಸೂಚನೆಯಲ್ಲಿ ಸರ್ವೆ ನಂಬರುಗಳೂ ನಾಲ್ಕು ದಿಕ್ಕಿನ ಗಡಿಯ ವಿವರವೂ ಇರುತ್ತವೆ. ಅದನ್ನೂ ಗ್ರಾಮ ನಕಾಶೆಯನ್ನೂ ಕೈಯಲ್ಲಿ ಹಿಡಿದು, ನಿಮ್ಮ ಗಸ್ತಿನಲ್ಲಿ ಬಹಳ ವರ್ಷ ದುಡಿದ ಅರಣ್ಯ ವೀಕ್ಷಕರೊಬ್ಬರನ್ನು ಕರೆದುಕೊಂಡು, ಗಡಿಯನ್ನು ಪೂರ್ತಿಯಾಗಿ ಕಾಲ್ನಡಿಗೆಯಲ್ಲಿ ಸುತ್ತಬೇಕು. ಬೈಕಿನ ಮೇಲೆ ಹೋದರೆ ದಾರಿ ಇದ್ದ ಕಡೆಯ ಗಡಿ ಮಾತ್ರ ಕಾಣುತ್ತದೆ, ಒತ್ತುವರಿ ಆಗುವುದು ದಾರಿ ಇಲ್ಲದ ಕಡೆಯಲ್ಲಿ. ಪ್ರತಿಯೊಂದು ಗುಪ್ಪೆಯ ಬಳಿ ನಿಂತು ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ, ಗುಪ್ಪೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ, ಫೋಟೋ ತೆಗೆಯಿರಿ, ಅದೇ ದಿನ ದಿನಚರಿಯಲ್ಲಿ ನಮೂದಿಸಿರಿ.

ತೊಗರಿಯ ಹೊಲದ ಅಜ್ಜನಿಗೆ "ಬಿಡು" ಎಂದು ಹೇಳುವ ಅಧಿಕಾರವಾಗಲಿ, "ಇರಲಿ" ಎನ್ನುವ ಅಧಿಕಾರವಾಗಲಿ ನಿಮಗಿಲ್ಲ. ಅದೇ 1963ರ ಕಾಯ್ದೆಯ ಕಲಂ 64ಎ ಅಡಿಯಲ್ಲಿ ತೆರವುಗೊಳಿಸುವ ಅಧಿಕಾರ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಯ ದರ್ಜೆಗೆ ಕಡಿಮೆಯಲ್ಲದವರಿಗೆ ಇರುತ್ತದೆ, ಅದಕ್ಕೂ ಮೊದಲು ಆ ವ್ಯಕ್ತಿಯ ಮಾತನ್ನು ಕೇಳಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. ಮುತ್ಯಾನ ಕಾಲದಿಂದ ಎಂದು ಅವರು ಹೇಳಿದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರು ಗ್ರಾಮ ಸಭೆಗೆ ಅರ್ಜಿ ಕೊಟ್ಟಿದ್ದರೆ, ಅದರ ಪರಿಶೀಲನೆ ಮುಗಿಯುವವರೆಗೆ ಅವರನ್ನು ಒಕ್ಕಲೆಬ್ಬಿಸುವಂತಿಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರದವರಾದರೆ 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವನ್ನೇ ನೆಚ್ಚಿ ಬಾಳಿದ್ದನ್ನು ತೋರಿಸಬೇಕಾಗುತ್ತದೆ. ಬಯಲುಸೀಮೆಯಲ್ಲಿ ಅದು ಸುಲಭವಲ್ಲ. ಆದರೂ ಅದನ್ನು ತೀರ್ಮಾನಿಸುವವರು ನೀವಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದು, ಭೂದಾಖಲೆ ಇಲಾಖೆಯ ಜೊತೆ ಜಂಟಿ ಮೋಜಣಿ (ಭೂಮಿಯ ಅಳತೆ) ಆಗಬೇಕೆಂದು ಶಾಖೆಯ ಅಧಿಕಾರಿಯ ಮೂಲಕ ಲಿಖಿತ ವರದಿ ಕೊಡಿ, ಅದರ ಸ್ವೀಕೃತಿ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಗಡಿಯ ಗುರುತು ಕೀಳುವುದು ಪ್ರತ್ಯೇಕ ಅಪರಾಧವೆಂಬುದು ನಿಜ. ಆದರೆ ಯಾರು, ಯಾವಾಗ ಕಿತ್ತರೆಂಬುದು ಗೊತ್ತಿಲ್ಲದೆ ಒಡ್ಡಿನಲ್ಲಿ ಕಲ್ಲು ಸಿಕ್ಕಿತೆಂದ ಮಾತ್ರಕ್ಕೆ ಎಂಬತ್ತರ ಮುದುಕನ ಮೇಲೆ ಪ್ರಕರಣ ಹೂಡಿದರೆ ಅದು ನ್ಯಾಯಾಲಯದಲ್ಲಿಯೂ ನಿಲ್ಲುವುದಿಲ್ಲ, ಊರಿನಲ್ಲಿಯೂ ನಿಲ್ಲುವುದಿಲ್ಲ.

ಪ್ರಭಾರ ಪಟ್ಟಿಯ ಬಗ್ಗೆ ಹೇಳುವಾಗ ನನ್ನದೇ ತಪ್ಪೊಂದನ್ನು ಹೇಳಬೇಕು. ಸೇವೆಯ ಮೂರನೆಯ ವರ್ಷದಲ್ಲಿ ಒಂದು ನೆಡುತೋಪಿನ ಎಣಿಕೆಗೆ, ಅರ್ಧ ಜಾಗವನ್ನು ಮಾತ್ರ ಸುತ್ತಿ, ಉಳಿದರ್ಧವೂ ಹಾಗೆಯೇ ಇರುತ್ತದೆಂದು ನಂಬಿ ಸಹಿ ಹಾಕಿದೆ. ಉಳಿದರ್ಧ ಬರೀ ಬಂಡೆಯ ಮೇಲಿತ್ತು. ಎರಡು ವರ್ಷದ ನಂತರ ತಪಾಸಣೆ ಬಂದಾಗ ಆ ಸಹಿಗೆ ಉತ್ತರ ಕೊಡಬೇಕಾದವನು ನಾನೊಬ್ಬನೇ. ಆ ಬಳಿಕ ನನಗೆ ಎಣಿಕೆ ಕಲಿಸಿದವರು ಶಾಲೆಯ ಮೆಟ್ಟಿಲು ಹತ್ತದ ಒಬ್ಬ ವೀಕ್ಷಕರು. ಸಾಲು ಹಿಡಿದು ನಡೆಯುತ್ತ, ಪ್ರತಿ ನೂರು ಸಸಿಗೆ ಒಂದು ಹೊಂಗೆ ಬೀಜವನ್ನು ಬಲಗಡೆಯ ಕಿಸೆಯಲ್ಲಿಯೂ, ಸತ್ತ ಪ್ರತಿ ನೂರಕ್ಕೆ ಒಂದನ್ನು ಎಡಗಡೆಯ ಕಿಸೆಯಲ್ಲಿಯೂ ಹಾಕಿಕೊಳ್ಳುತ್ತಿದ್ದರು. ಸಂಜೆಗೆ ಎರಡೂ ಕಿಸೆಗಳನ್ನು ಬಂಡೆಯ ಮೇಲೆ ಸುರಿದು ಲೆಕ್ಕ ಹೇಳುತ್ತಿದ್ದರು. ನೀವೂ ಪೂರ್ತಿ ಎಣಿಸಿ, ಸಿಕ್ಕ ಸಂಖ್ಯೆಯನ್ನೇ ಪಟ್ಟಿಯ ಮೇಲೆ ಷರಾ ಬರೆದು, ಆಮೇಲೆ ಸಹಿ ಮಾಡಿ. ಸಂಖ್ಯೆಯನ್ನು ಹೊಂದಿಸಿಕೊಳ್ಳಲು ಯಾರಾದರೂ ಹೇಳಿದರೆ, ಅದನ್ನು ಬರವಣಿಗೆಯಲ್ಲಿ ಕೊಡುವಂತೆ ವಿನಯದಿಂದ ಕೇಳಿ.

ಕುರಿಗಳ ವಿಷಯದಲ್ಲಿ ನಮ್ಮ ಕಾಲದ ರೂಢಿ ಎಂದರೆ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಪಂಚರ ಸಮಕ್ಷಮ ಮಹಜರು ಮತ್ತು ಪ್ರಕರಣ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಮೇಯಿಸುವುದು 1963ರ ಕಾಯ್ದೆಯ ಕಲಂ 24ರಡಿ ಅಪರಾಧ. ಒಂದು ಮಾತನ್ನು ಮಾತ್ರ ಎಂದಿಗೂ ಮರೆಯಬೇಡಿ: ದಂಡ ಕಟ್ಟಿಸಿಕೊಂಡು ಪ್ರಕರಣ ಮುಗಿಸುವ ಅಧಿಕಾರ ನಿಮಗಿಲ್ಲ, ಆದುದರಿಂದ ಸ್ಥಳದಲ್ಲಿ ಯಾರ ಕೈಯಿಂದಲೂ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಉತ್ತರ: ಖಾನಾಪುರದ ಗಸ್ತು

ಅಕ್ಕಾ, ನಾನೂ ಗಸ್ತು ಅರಣ್ಯ ಪಾಲಕಿ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಆರನೆಯ ವರ್ಷ ನಡೆಯುತ್ತಿದೆ. ಭೀಮಗಡ ವನ್ಯಜೀವಿಧಾಮದ ಸೆರಗಿನಲ್ಲಿರುವ ನಮ್ಮ ಕಾಡು ನಿಮ್ಮ ಮಡ್ಡಿಗೆ ಪೂರ್ತಿ ವಿರುದ್ಧವಾದುದು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಸಮವಸ್ತ್ರ ಒಣಗುವುದಿಲ್ಲ, ಇಂಬಳಗಳನ್ನು ಕಿತ್ತು ಹಾಕುವುದೇ ಒಂದು ಕೆಲಸ, ಕರಡಿಯ ಭಯದಿಂದ ಬೆಳಗಿನ ಜಾವ ಮಾತನಾಡುತ್ತಲೇ ನಡೆಯಬೇಕು. ಹಾಗಿದ್ದರೂ ಜನವರಿ ಕಳೆದ ಮೇಲೆ ನಿಮಗೂ ನನಗೂ ಬರುವ ಕಷ್ಟ ಒಂದೇ, ಅದು ಬೆಂಕಿ. ಅದರ ಬಗ್ಗೆ ನೀವು ಕೇಳಿಲ್ಲವಾದರೂ ಈಗ ಡಿಸೆಂಬರ್ ಆಗಿರುವುದರಿಂದ ಹೇಳುತ್ತಿದ್ದೇನೆ.

ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹದಿಂದ ಬೆಂಕಿಯನ್ನು ಗುರುತಿಸಿ ಮೊಬೈಲಿಗೆ ಸಂದೇಶ ಕಳುಹಿಸುತ್ತದೆ. ಅದರಲ್ಲಿ ಬರುವ ಬಿಂದುವನ್ನು ಬೆಂಕಿ ಇರುವ ಜಾಗವೆಂದೇ ತಿಳಿಯಬೇಡಿ. ಒಂದು ಉಪಕರಣದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 375 ಮೀಟರ್, ಇನ್ನೊಂದರಲ್ಲಿ ಒಂದು ಕಿಲೋಮೀಟರ್. ನನ್ನ ಮೊದಲ ಬೇಸಿಗೆಯಲ್ಲಿ ಸಂದೇಶದ ಬಿಂದುವಿಗೆ ನೇರವಾಗಿ ಹೋಗಿ, ಅಲ್ಲಿ ಏನೂ ಇಲ್ಲವೆಂದು ಸುಳ್ಳು ಎಚ್ಚರಿಕೆ ಎಂದು ಬರೆಯಲು ಹೊರಟಿದ್ದೆ. ಜೊತೆಗಿದ್ದ ವೀಕ್ಷಕರು ಗಾಳಿಯ ವಾಸನೆ ಹಿಡಿದು ದಿನ್ನೆಯ ಆಚೆ ಕರೆದುಕೊಂಡು ಹೋದರು. ಬೆಂಕಿ ಆಚೆಯ ಇಳಿಜಾರಿನಲ್ಲಿ ಒಣಗಿದ ಎಲೆಯ ಕೆಳಗೆ ಸದ್ದಿಲ್ಲದೆ ಹರಿಯುತ್ತಿತ್ತು. ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು, ಎಲೆ ಗುಡಿಸಿ ದಾರಿ ಮಾಡಿ, ರಾತ್ರಿ ಹತ್ತಕ್ಕೆ ಆರಿಸಿದೆವು.

ನಿಮ್ಮ ಹುಲ್ಲಿನ ಮಡ್ಡಿಯಲ್ಲಿ ಬೆಂಕಿ ಹರಿಯುವ ವೇಗ ನಮ್ಮ ಕಾಡಿಗಿಂತ ಹೆಚ್ಚು. ಬೀಡಿಯ ಕಿಡಿ, ರಸ್ತೆಯ ಅಂಚು, ಹೊಸ ಹುಲ್ಲು ಬರಲೆಂದು ಹಚ್ಚುವವರು, ಪಕ್ಕದ ಹೊಲದಲ್ಲಿ ಕಬ್ಬಿನ ರವದಿ ಸುಡುವವರು, ಇವೇ ಸಾಮಾನ್ಯ ಕಾರಣಗಳು. ಆದ್ದರಿಂದ ಹುಲ್ಲು ಪೂರ್ತಿ ಒಣಗುವ ಮೊದಲೇ, ಅಂದರೆ ಈ ತಿಂಗಳಿನಲ್ಲಿಯೇ, ನೆಡುತೋಪಿನ ಸುತ್ತ ಮತ್ತು ರಸ್ತೆಯ ಪಕ್ಕದ ಬೆಂಕಿ ರೇಖೆಗಳನ್ನು (ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿಗಳನ್ನು) ಕೆತ್ತಿಸಿ ಮುಗಿಸಲು ವಲಯ ಕಚೇರಿಗೆ ಬೆನ್ನು ಹತ್ತಿರಿ. ಮಂಜೂರಾತಿ ಫೆಬ್ರುವರಿಯಲ್ಲಿ ಬಂದರೆ ಪ್ರಯೋಜನವಿಲ್ಲ.

ಕಬ್ಬು ಕಡಿಯುವ ಈ ಹಂಗಾಮಿನಲ್ಲಿ ಹೊಲದಲ್ಲಿ ಚಿರತೆಯ ಮರಿಗಳು ಸಿಕ್ಕವೆಂದು ಕರೆ ಬಂದರೆ, ಮರಿಗಳನ್ನು ಎತ್ತಿಕೊಂಡು ಬರಲು ಯಾರಿಗೂ ಬಿಡಬೇಡಿ. ತಾಯಿ ರಾತ್ರಿ ಬಂದು ಒಯ್ಯಲು ಜಾಗ ಬಿಟ್ಟು, ಕಡಿಯುವ ಕೆಲಸವನ್ನು ನಿಲ್ಲಿಸಿ, ಮೇಲಿನವರಿಗೆ ತಿಳಿಸಬೇಕು. 2022ರ ಆಗಸ್ಟಿನಲ್ಲಿ ಬೆಳಗಾವಿ ನಗರದ ಗಾಲ್ಫ್ ಮೈದಾನದ ಸುತ್ತ ಚಿರತೆ ಕಂಡು ಶಾಲೆಗಳನ್ನು ಮುಚ್ಚಿದ್ದ ದಿನಗಳಲ್ಲಿ ಪ್ರಾಣಿಗಿಂತಲೂ ಜನರ ಗುಂಪು ಮತ್ತು ಆತಂಕವನ್ನು ನಿಭಾಯಿಸುವುದೇ ದೊಡ್ಡ ಕೆಲಸವಾಗಿತ್ತು.

ಹೆಣ್ಣುಮಗಳಾಗಿ ಒಂದು ಮಾತು. ಒಬ್ಬರೇ ಗಸ್ತಿಗೆ ಹೋಗುವ ದಿನ ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಬರುತ್ತೀರೆಂಬುದನ್ನು ಶಾಖೆಯಲ್ಲಿ ಹೇಳಿಯೇ ಹೊರಡಿ. ಶಾಲೆಯ ಅಡುಗೆಯವರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಇವರ ಮನೆಗಳ ಪರಿಚಯ ಮಾಡಿಕೊಳ್ಳಿ. ನೀರಿಗೆ, ಶೌಚಕ್ಕೆ, ಹತ್ತು ನಿಮಿಷ ಕೂರಲು ಪ್ರತಿ ಊರಿನಲ್ಲಿ ಒಂದು ಬಾಗಿಲು ನಮಗಾಗಿ ತೆರೆದಿರಬೇಕು. ಮರ ಕಡಿಯುವ ಸುದ್ದಿಯೂ ನನಗೆ ಹೆಚ್ಚಾಗಿ ಆ ಬಾಗಿಲುಗಳಿಂದಲೇ ಬಂದಿದೆ.

ಉತ್ತರ: ಕುರಿಗಾರರ ಮಗ

ನಾನು ಅರಣ್ಯ ಇಲಾಖೆಯವನಲ್ಲ. ಮುಧೋಳ ತಾಲ್ಲೂಕಿನಲ್ಲಿ ಶಿಕ್ಷಕ. ನಮ್ಮ ತಂದೆ ಮೊನ್ನೆಮೊನ್ನೆಯವರೆಗೂ ಕುರಿ ಕಾಯ್ದವರು. ಹಿರಿಯರು ಬರೆದ "ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಪ್ರಕರಣ" ಎಂಬುದು ಕಾನೂನಿನ ಪ್ರಕಾರ ಸರಿಯಿರಬಹುದು, ಆದರೆ ಅದರಿಂದ ಸಸಿ ಉಳಿಯುವುದಿಲ್ಲವೆಂಬುದು ನಾನು ಕಣ್ಣಾರೆ ಕಂಡ ಸಂಗತಿ. ಕುರಿ ಯಾವಾಗ ಮಡ್ಡಿಗೆ ಬರುತ್ತದೆ, ಏಕೆ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಉಪಾಯವೂ ಸಿಗುತ್ತದೆ.

ಹಿಂಗಾರಿ ಜೋಳ ಕೊಯ್ದ ಮೇಲೆ, ಫೆಬ್ರುವರಿಯಿಂದ ಮುಂದೆ, ನಮ್ಮ ಹಿಂಡುಗಳು ಎರೆಹೊಲಗಳಲ್ಲಿ ಇರುತ್ತವೆ. ಹೊಲದವರೇ ಕರೆದು ರಾತ್ರಿ ಕುರಿ ತರುಬಿಸಿಕೊಳ್ಳುತ್ತಾರೆ, ಹಿಕ್ಕೆ ಮತ್ತು ಮೂತ್ರದ ಗೊಬ್ಬರಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾರೆ. ಆಗ ಮಡ್ಡಿಯ ಕಡೆ ತಿರುಗಿ ನೋಡುವ ಅವಶ್ಯಕತೆಯೇ ಇರುವುದಿಲ್ಲ. ಮುಂಗಾರು ಬಿದ್ದ ಮೇಲೆ ಪರಿಸ್ಥಿತಿ ಬದಲಾಗುತ್ತದೆ. ಬಿತ್ತಿದ ಹೊಲಕ್ಕೆ ಹೋಗುವಂತಿಲ್ಲ, ಬಿತ್ತದ ಎರೆಯಲ್ಲಿ ಕುರಿ ನಿಲ್ಲುವಂತಿಲ್ಲ. ಎರೆಯ ಕೆಸರು ಗೊರಸಿನ ಸಂದಿಯಲ್ಲಿ ಮೆತ್ತಿಕೊಂಡು ಕಾಲು ಕೊಳೆಯುತ್ತದೆ. ಒಂದು ಕುರಿ ಕುಂಟಿದರೆ ವಾರದೊಳಗೆ ಹಿಂಡೇ ಕುಂಟುತ್ತದೆ. ನೀರು ನಿಲ್ಲದ ಕಲ್ಲುನೆಲವೇ ಆಗ ಗತಿ, ಅಂದರೆ ನಿಮ್ಮ ಮಡ್ಡಿ. ನಿಮ್ಮ ಸಸಿಗಳು ಎಳೆಯ ಚಿಗುರು ಬಿಡುವುದೂ ಅದೇ ನಾಲ್ಕು ತಿಂಗಳಿನಲ್ಲಿ. ಮಳೆಗಾಲದ ನಡುವೆ ನೀವು ಎಚ್ಚರಿಕೆ ಕೊಟ್ಟರೆ ಅದನ್ನು ಕೇಳಿಕೊಂಡು ಹೋಗಲು ಅವರಿಗೆ ಬೇರೆ ಜಾಗವಿರುವುದಿಲ್ಲ.

ಆದುದರಿಂದ ಮಾತುಕತೆ ಮೇ ತಿಂಗಳ ಕೊನೆಯಲ್ಲಿ ಆಗಬೇಕು. ನಿಮ್ಮ ಗಸ್ತಿನ ಸುತ್ತಲಿನ ಹಟ್ಟಿಗಳ ಹಿರಿಯರನ್ನು ಗ್ರಾಮ ಅರಣ್ಯ ಸಮಿತಿಯ ಸಭೆಗೆ ಕರೆಯಿಸಿ, ಈ ವರ್ಷ ಯಾವ ನೆಡುತೋಪಿಗೆ ಕಾಲಿಡುವಂತಿಲ್ಲ, ಯಾವ ಹಳೆಯ ನೆಡುತೋಪಿನ ಮರಗಳು ಕುರಿಯ ಬಾಯಿಗೆ ಸಿಗದಷ್ಟು ಎತ್ತರವಾಗಿವೆ ಎಂಬುದನ್ನು ಜಾಗಕ್ಕೇ ಕರೆದೊಯ್ದು ತೋರಿಸಿ. ಮೇಯಲು ಬಿಡುವ ನಿರ್ಧಾರ ನಿಮ್ಮ ಮೇಲಿನವರದು ಎಂಬುದು ನನಗೂ ಗೊತ್ತು. ಆದರೆ ಆ ಪ್ರಸ್ತಾವ ಗಸ್ತಿನಿಂದ ಹೋಗದಿದ್ದರೆ ಮೇಲಿನವರಿಗೆ ಅದು ತಿಳಿಯುವ ದಾರಿಯೇ ಇಲ್ಲ.

ಇನ್ನೂ ಒಂದು ಸಂಗತಿ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗ ತೋಳ ಒಂದೇ ರಾತ್ರಿ ನಮ್ಮ ಏಳು ಮರಿಗಳನ್ನು ಕೊಂದಿತು. ಪರಿಹಾರ ಕೇಳಲು ತಂದೆ ಒಂದು ಕಚೇರಿಗೆ ನಾಲ್ಕು ಸಲ ಅಲೆದರು. ಫೋಟೋ ಇಲ್ಲ, ಪಶುವೈದ್ಯರ ವರದಿ ಇಲ್ಲ ಎಂದು ತಿರುಗಿಸಿ ಕಳುಹಿಸಿದರು. ಅವೆರಡೂ ಬೇಕೆಂದು ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಹಾಗೆ ತಿರುಗಿ ಬಂದ ಕುರಿಗಾರರು ಮುಂದಿನ ಸಲ ಸತ್ತ ಮರಿಗೆ ವಿಷ ಹಾಕಿ ಬಿಟ್ಟರೆ ತೋಳವೂ ಸಾಯುತ್ತದೆ, ನರಿಯೂ ಸಾಯುತ್ತದೆ, ರಣಹದ್ದೂ ಸಾಯುತ್ತದೆ. ಮರಿ ಸತ್ತ ಬೆಳಿಗ್ಗೆ ನೀವು ಹಟ್ಟಿಗೆ ಬಂದು, ಫೋಟೋ ತೆಗೆದು, ಅರ್ಜಿ ಬರೆದುಕೊಟ್ಟು, ಪಶುವೈದ್ಯರನ್ನು ಕರೆಸಿದರೆ, ಆ ಹಟ್ಟಿಯ ಕುರಿ ಮತ್ತೆ ನಿಮ್ಮ ನೆಡುತೋಪಿಗೆ ಬರುವ ಮೊದಲು ಹುಡುಗರು ನಿಮಗೆ ಫೋನ್ ಮಾಡುತ್ತಾರೆ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

ಉತ್ತರ: ನಿವೃತ್ತ ಮೋಜಣಿದಾರ

ಗುರುಗಳ ಮಾತನ್ನು ಒಪ್ಪುತ್ತೇನೆ. ಗೊರಸಿನ ಬೇನೆಯಿಂದಾಗಿ ಕುರಿಗಳು ಮಡ್ಡಿಗೆ ಬರುತ್ತವೆಂಬುದು ಇಷ್ಟು ವರ್ಷ ಇದೇ ನೆಲದಲ್ಲಿ ನಡೆದಾಡಿದ ನನಗೆ ತಿಳಿದಿರಲಿಲ್ಲ. ನಾವು ಕುರಿಗಾರರನ್ನು ಯಾವಾಗಲೂ ಅಪರಾಧ ನಡೆದ ದಿನವೇ ಭೇಟಿಯಾಗುತ್ತಿದ್ದೆವು. ಆದರೂ ಎರಡು ವರ್ಷದ ಸಸಿಗಳ ನಡುವೆ ಉದ್ದೇಶಪೂರ್ವಕವಾಗಿ ಹಿಂಡು ಬಿಡುವವರೂ ಇರುತ್ತಾರೆ, ಅವರ ಮೇಲೆ ಪ್ರಕರಣ ಆಗಲೇಬೇಕು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ತಂಗಿ, ಮುಂದಿನ ವರ್ಷದ ನೆಡುತೋಪಿನ ಪ್ರಸ್ತಾವ ಕೇಳಿದಾಗ ಒಂದನ್ನು ನೆನಪಿಡಿ. ಚಿಂಕಾರ ಅಥವಾ ಚಿಗರಿಯ ಹೆಜ್ಜೆ ಕಾಣುವ ತೆರೆದ ಹುಲ್ಲಿನ ಬಯಲನ್ನು ಗುಂಡಿ ತೋಡಲು ಸೂಚಿಸಬೇಡಿ. ಹಳ್ಳದ ಬದಿ, ಸವಕಳಿ ಆದ ಇಳಿಜಾರು, ಬಳ್ಳಾರಿ ಜಾಲಿ ತೆಗೆದ ಜಾಗ, ಇವುಗಳಲ್ಲಿ ಕಮರ, ತುಗ್ಗಲಿ, ಬೇವು, ಬಾರೆ ಹಾಕಿದರೆ ಬದುಕುತ್ತವೆ. ಸಾಲಿಗಿಂತ ಮೊದಲು ಸಮಪಾತಳಿ ಕಂದಕ ಆಗಬೇಕು, ಅದೂ ಮೊದಲ ಮಳೆಗೆ ಮುಂಚೆ.

ಎರೆನೆಲ:

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಓದಿದ ಮೇಲೆ ಹತ್ತು ದಿನ ಕಳೆದು ಬರೆಯುತ್ತಿದ್ದೇನೆ.

ಅಧಿಸೂಚನೆಯ ಪ್ರತಿ ವಲಯ ಕಚೇರಿಯ ಹಳೆಯ ಕಪಾಟಿನಲ್ಲಿ ಸಿಕ್ಕಿತು. ಅದು ಮುಂಬಯಿ ಕಾಲದ್ದೇ. ನಮ್ಮ ವೀಕ್ಷಕರ ಜೊತೆ ಎರಡು ದಿನ ನಡೆದು ಗಡಿಯನ್ನು ಸುತ್ತಿದೆವು. ಪಟ್ಟಿಯಲ್ಲಿರುವ 31 ಗುಪ್ಪೆಗಳಲ್ಲಿ 22 ನಿಂತಿವೆ, 6 ಕುಸಿದಿವೆ, 3ರ ಗುರುತೇ ಇಲ್ಲ. ತೊಗರಿ ಹೊಲದ ಗುಪ್ಪೆ ಆ ಮೂರರಲ್ಲಿ ಒಂದು. ನೆಡುತೋಪನ್ನು ಹೊಂಗೆ ಬೀಜ ಹಿಡಿದುಕೊಂಡೇ ಎಣಿಸಿದೆ. ಪಟ್ಟಿಗಿಂತ ಕಡಿಮೆ ಇರುವ ಸಂಖ್ಯೆಯನ್ನು ಷರಾ ಬರೆದು ಸಹಿ ಮಾಡಿದ್ದೇನೆ. ಶಾಖೆಯ ಅಧಿಕಾರಿಗಳು ಒಂದು ಕ್ಷಣ ನನ್ನ ಮುಖ ನೋಡಿ, ಏನೂ ಹೇಳದೆ ಸ್ವೀಕೃತಿ ಹಾಕಿಕೊಟ್ಟರು. ಜಂಟಿ ಮೋಜಣಿಗೆ ವರದಿಯನ್ನೂ ಕೊಟ್ಟಿದ್ದೇನೆ, ಬೆಂಕಿ ರೇಖೆಯ ಕೆಲಸ ರಸ್ತೆಯ ಬದಿಯಿಂದ ಸೋಮವಾರ ಆರಂಭವಾಗುತ್ತದೆ.

ಅಜ್ಜನ ಬಳಿಗೆ ಮತ್ತೊಮ್ಮೆ ಹೋಗಿದ್ದೆ. ಮೋಜಣಿ ಆಗುತ್ತದೆ, ಅವರ ಬಳಿ ಇರುವ ಕಾಗದಗಳನ್ನೆಲ್ಲ ಆ ದಿನ ತೋರಿಸಬಹುದು, ಹಕ್ಕಿನ ಅರ್ಜಿ ಕೊಟ್ಟಿದ್ದರೆ ಅದರ ಪ್ರತಿಯನ್ನು ಹುಡುಕಿಡಬೇಕು ಎಂದಷ್ಟೇ ಹೇಳಿದೆ. ಅವರು ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿದ ಕಂದಾಯದ ರಸೀದಿಗಳ ಕಟ್ಟನ್ನು ತಂದರು. ಕೆಲವು ಮರಾಠಿಯಲ್ಲಿದ್ದವು, ನನಗೆ ಓದಲು ಬರಲಿಲ್ಲ. ಅವು ಆ ಎರಡು ಎಕರೆಯವೋ ಪಕ್ಕದ ಹೊಲದವೋ ಎಂಬುದನ್ನು ಸರ್ವೆ ನಂಬರು ನೋಡಿ ತಿಳಿಯಬೇಕು. ನಿವೃತ್ತ ಹಿರಿಯರೇ, ಅಂತಹ ಹಳೆಯ ರಸೀದಿಗಳಲ್ಲಿ ಸರ್ವೆ ನಂಬರನ್ನು ಯಾವ ಕಡೆ ಬರೆದಿರುತ್ತಾರೆಂದು ತಿಳಿಸಿದರೆ ಉಪಕಾರವಾಗುತ್ತದೆ. ಹೊರಡುವಾಗ ಅಜ್ಜ ಒಡ್ಡಿನ ಕಡೆ ಕೈ ತೋರಿಸಿ, ಆ ಮೂರು ಕಲ್ಲುಗಳನ್ನು ತೆಗೆದು ಬೇರೆ ಇಟ್ಟಿದ್ದೇನೆ ಎಂದರು. ಮೋಜಣಿಯ ದಿನದವರೆಗೆ ಅವು ಬೇವಿನ ಗಿಡದ ಬುಡದಲ್ಲಿ ಇರಲೆಂದು ಹೇಳಿ, ಫೋಟೋ ತೆಗೆದುಕೊಂಡು, ದಿನಚರಿಯಲ್ಲಿ ಬರೆದಿದ್ದೇನೆ.